ತುಂಬಿದ ಮೇಲೂ ಉಳಿಯುವ ತೆರಪು

1938ರ ಡಿಸೆಂಬರ್ 7ರಂದು ಬಿಬಿಸಿಯವರು ಧ್ವನಿಮುದ್ರಣದ ಸಲಕರಣೆ ಹೊತ್ತು ಉತ್ತರ ಲಂಡನ್ನಿನ ಮೇರ್ಸ್‌ಫೀಲ್ಡ್ ಗಾರ್ಡನ್ಸ್ ಬೀದಿಯ 20ನೇ ನಂಬರಿನ ಮನೆಗೆ ಬಂದರು. ಆ ಮನೆಯಲ್ಲಿದ್ದವರು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್. ಆಸ್ಟ್ರಿಯಾ ನಾಜಿಗಳ ಕೈಸೇರಿದ ಮೇಲೆ, ಬಾಳಿನ ಬಹುಭಾಗವನ್ನು ಕಳೆದ ವಿಯೆನ್ನಾವನ್ನು ತೊರೆದು ಅದೇ ವರ್ಷ ಅವರು ಲಂಡನ್ನಿಗೆ ಬಂದಿದ್ದರು. ವಯಸ್ಸು 82. ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ತಮ್ಮ ಜೀವಮಾನದ ಕೆಲಸವನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಹೇಳಿದರು. ಕೊನೆಯ ಮಾತನ್ನು ತಾಯ್ನುಡಿ ಜರ್ಮನಿನಲ್ಲಿ ಆಡಿದರು. ಅವರ ಧ್ವನಿಯೆಂದು ಇಂದು ನಮಗೆ ತಿಳಿದಿರುವುದು ಅದೊಂದೇ ಮುದ್ರಣ.

ಅದನ್ನು ಕೇಳಿದವರ ಕಿವಿಗೆ ಅರ್ಥಕ್ಕಿಂತ ಮೊದಲು ತಾಗುವುದು ಶ್ರಮ. ಒಂದೊಂದು ಪದಕ್ಕೂ ಬಾಯಿ ಬೇರೆಬೇರೆಯಾಗಿ ಸಿದ್ಧವಾಗಬೇಕು, ಒಂದೊಂದು ವಾಕ್ಯಕ್ಕೂ ಉಸಿರು ಹೊಸದಾಗಿ ಕೂಡಿಬರಬೇಕು. ಮುಪ್ಪು ಅದಕ್ಕೊಂದು ಕಾರಣ, ಪರಭಾಷೆ ಇನ್ನೊಂದು. ಮೂರನೆಯದು ಬಾಯೊಳಗೇ ಇತ್ತು. 1923ರ ಅಕ್ಟೋಬರಿನಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಹಾನ್ಸ್ ಪಿಖ್ಲರ್ ಅವರು ಕ್ಯಾನ್ಸರ್ ತಗುಲಿದ್ದ ಬಲಗಡೆಯ ಮೇಲ್ದವಡೆಯನ್ನೂ ಅಂಗುಳಿನ ದೊಡ್ಡ ಭಾಗವನ್ನೂ ತೆಗೆದುಹಾಕಿದ್ದರು. ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲದಂತಾಯಿತು. ಆ ತೆರಪನ್ನು ಮುಚ್ಚಲು ಕೃತಕ ಅಂಗುಳೊಂದನ್ನು ಮಾಡಿಸಿದರು. ಹಾಕಿಕೊಳ್ಳುವುದೂ ಯಾತನೆ, ತೆಗೆಯುವುದೂ ಯಾತನೆ. ಆ ಸಾಧನಕ್ಕೆ ರಾಕ್ಷಸನೆಂದೇ ಹೆಸರು ಬಿತ್ತು. ಮುಂದಿನ 16 ವರ್ಷಗಳಲ್ಲಿ 30ಕ್ಕೂ ಹೆಚ್ಚು ಸಲ ಆ ಬಾಯಿಗೆ ಕತ್ತಿ ತಾಗಿತು, ಕೃತಕ ಅಂಗುಳು ಮತ್ತೆ ಮತ್ತೆ ಬದಲಾಯಿತು. ಲಂಡನ್ನಿನ ಮುದ್ರಣದಲ್ಲಿ ನಾವು ಕೇಳುವುದು ಅದನ್ನು ದಾಟಿ ಬಂದ ಮಾತು.

ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಉಪನ್ಯಾಸ ಕೊಟ್ಟ ಧ್ವನಿ ಎಲ್ಲಿಯೂ ಉಳಿದಿಲ್ಲ. 1909ರಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಐದು ಉಪನ್ಯಾಸ ಮಾಡಿದ ಧ್ವನಿಯೂ ಇಲ್ಲ. ಇಡಿಯಾಗಿದ್ದ ಧ್ವನಿ ಗಾಳಿಗೆ ಹೋಯಿತು, ಗಾಯಗೊಂಡ ಧ್ವನಿ ಉಳಿಯಿತು. ಕಾಲಕ್ಕೆ ಆಯ್ಕೆಯೆಂಬುದಿಲ್ಲ, ಇದು ಆಕಸ್ಮಿಕವೇ ಸರಿ. ಆದರೂ ಮನಸ್ಸು ಸುಮ್ಮನಿರದೆ ಕೇಳುತ್ತದೆ: ಮನುಷ್ಯನ ಧ್ವನಿಯಲ್ಲಿ ಬೆಲೆಯುಳ್ಳದ್ದು ಯಾವುದು, ಅಳಿದುಹೋದದ್ದೇ, ಅಳಿದ ಮೇಲೂ ಉಳಿದು ಬಂದದ್ದೇ?

*

ಅಂಗುಳೊಂದಿದೆ ಎಂಬುದು ನಮಗೆ ನೆನಪಾಗುವುದು ಬಿಸಿ ಕಾಫಿ ಅದನ್ನು ಸುಟ್ಟಾಗ. ಮಿಕ್ಕ ದಿನಗಳಲ್ಲಿ ಅದು ಯಾರ ಗಮನಕ್ಕೂ ಬಾರದೆ ತನ್ನ ಕೆಲಸ ತಾನು ಮಾಡಿಕೊಂಡಿರುತ್ತದೆ. ಎಳವೆಯಲ್ಲಿ ಕಲಿತ ವರ್ಗೀಯ ವ್ಯಂಜನಗಳನ್ನು ನೆನೆದರೆ ಅದರ ಪಾಲೆಷ್ಟೆಂದು ತಿಳಿಯುತ್ತದೆ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂಬ ಐದು ಸ್ಥಾನಗಳಲ್ಲಿ ನಡುವಿನ ಮೂರಕ್ಕೆ ನಾಲಿಗೆ ಮೇಲಕ್ಕೆದ್ದು ಅಂಗುಳನ್ನೋ ಹಲ್ಲಿನ ಹಿಂಬದಿಯನ್ನೋ ತಟ್ಟಬೇಕು. ತುಟಿಗಳಷ್ಟೇ ಸಾಕೆನ್ನಿಸುವ ಪಕಾರ ಬಕಾರಗಳಿಗೂ ಬಾಯೊಳಗೆ ಗಾಳಿ ಒತ್ತಿ ನಿಲ್ಲಬೇಕು. ನಿಲ್ಲಲು ಮೇಲೆ ಮುಚ್ಚಿಗೆ ಇರಬೇಕು. ಸಕಾರ ಶಕಾರಗಳಿಗೆ ಗಾಳಿ ಸಣ್ಣ ಸಂದಿಯಲ್ಲಿ ಸೀಳಿ ಹೋಗಬೇಕು. ಸಂದಿಗೆ ಎರಡೂ ಕಡೆ ಗೋಡೆ ಇರಬೇಕು.

ಮೇಲ್ದವಡೆಯನ್ನು ತೆಗೆದಾಗ ನಾಲಿಗೆ ಮೊದಲಿನದೇ, ಧ್ವನಿಪೆಟ್ಟಿಗೆ ಮೊದಲಿನದೇ, ಎದೆಯ ಉಸಿರೂ ಮೊದಲಿನದೇ. ತಟ್ಟಲು ತಾವಿಲ್ಲ, ತಡೆಯಲು ಗೋಡೆಯಿಲ್ಲ. ಬಾಯಲ್ಲಿ ಕೂಡಬೇಕಾದ ಗಾಳಿ ಮೂಗಿನತ್ತ ಸೋರಿಹೋಗುತ್ತದೆ. ಬಕಾರ ಮಕಾರದತ್ತ ಜಾರುತ್ತದೆ, ದಕಾರ ನಕಾರದತ್ತ, ಡಕಾರ ಣಕಾರದತ್ತ. ಸ್ವರಗಳೆಲ್ಲ ಮೂಗಿನ ಬಣ್ಣ ಹಚ್ಚಿಕೊಳ್ಳುತ್ತವೆ. ಮೊದಲಿನಿಂದಲೂ ಮೂಗಿನ ದಾರಿಯನ್ನೇ ನಂಬಿದ್ದ ಅನುನಾಸಿಕಗಳಿಗೆ ಮಾತ್ರ ಅಷ್ಟಾಗಿ ಕೇಡಿಲ್ಲ. ಇದರ ಫಲವೊಂದನ್ನು ಕನ್ನಡದ ಕಿವಿಯಿಂದ ಕೇಳಿದರೆ ಕರುಳು ಚುರುಕ್ಕೆನ್ನುತ್ತದೆ. ಇಂಥ ಬಾಯಿಯಲ್ಲಿ ‘ಅಮ್ಮ’ ಎಂಬುದು ಹೆಚ್ಚುಕಡಿಮೆ ಉಳಿಯುತ್ತದೆ, ‘ಅಪ್ಪ’ ಎಂಬುದು ಕಳೆದುಹೋಗುತ್ತದೆ. ಮನಸ್ಸಿನಲ್ಲಿ ಎರಡೂ ಸ್ಪಷ್ಟವಾಗಿವೆ, ನೆನಪಿನಲ್ಲಿ ಎರಡೂ ಭದ್ರವಾಗಿವೆ. ಹೊರಗೆ ಬರುವಾಗ ಒಂದಕ್ಕೆ ದಾರಿ ಇದೆ, ಇನ್ನೊಂದಕ್ಕೆ ಇಲ್ಲ. ಮನುಷ್ಯ ತಾನು ಹೇಳಬೇಕೆಂದದ್ದನ್ನು ತನ್ನ ಕಿವಿಯಿಂದಲೇ ಬೇರೆಯಾಗಿ ಕೇಳಿಸಿಕೊಳ್ಳಬೇಕಾಗುತ್ತದೆ.

ಈ ತೆರಪನ್ನು ಮುಚ್ಚುವ ಯತ್ನ ಬಹು ಹಳೆಯದು. 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರಾಸ್ ಪಾರೆ ಅಂಗುಳಿನ ರಂಧ್ರಕ್ಕೆ ಲೋಹದ ತಗಡನ್ನು ಹೊಂದಿಸುವ ಬಗೆಯನ್ನು ಬರೆದಿಟ್ಟಿದ್ದಾನೆ. ತಗಡಿನ ಮೇಲ್ಬದಿಗೆ ಸ್ಪಂಜಿನ ತುಂಡು. ಬಾಯಿಯ ತೇವ ಹೀರಿ ಅದು ಉಬ್ಬಿ ಬಿಗಿಯಾಗಿ ಕೂರಬೇಕು. 1728ರಲ್ಲಿ ಪ್ರಕಟವಾದ ದಂತವೈದ್ಯದ ತನ್ನ ಹೆಗ್ಗ್ರಂಥದಲ್ಲಿ ಪಿಯೇರ್ ಫೋಶಾರ್, ರಂಧ್ರದ ಮೇಲ್ಗಡೆ ಹೋಗಿ ರೆಕ್ಕೆ ಬಿಚ್ಚಿ ನಿಲ್ಲುವ ಸಾಧನಗಳನ್ನು ವರ್ಣಿಸಿದ. ಇಂದಿನವರು ಅಕ್ರಿಲಿಕ್ ಬಳಸುತ್ತಾರೆ, ಆಸ್ಪತ್ರೆಯ ಭಾಷೆಯಲ್ಲಿ ಅದರ ಹೆಸರು ಆಬ್ಚುರೇಟರ್. ರೋಗಿಗಳು ಮತ್ತು ಮನೆಯವರ ಬಾಯಲ್ಲಿ ಬರೀ ‘ಪ್ಲೇಟು’.

ಅದನ್ನು ಅಂಗೈಯಲ್ಲಿಟ್ಟು ನೋಡಬೇಕು. ವಸಡಿನ ಬಣ್ಣದ ಒಂದು ತೆಳು ಹಲಗೆ, ಅಂಚಿನಲ್ಲಿ ಕೆಲವು ಹಲ್ಲುಗಳು, ಉಳಿದಿರುವ ಸ್ವಂತ ಹಲ್ಲುಗಳಿಗೆ ಸಿಕ್ಕಿಸಲು ತಂತಿಯ ಕೊಂಡಿಗಳು. ಒಂದು ಪಕ್ಕದಲ್ಲಿ ಮೇಲಕ್ಕೆದ್ದ ಗುಬುಟು. ಎಲುಬು ಹೋದ ಪೊಳ್ಳಿನೊಳಗೆ ಕೂರುವ ಭಾಗ ಅದು. ಭಾರಕ್ಕೆ ಕೆಳಗೆ ಜಾರದಿರಲೆಂದು ಅದರ ಒಳಗನ್ನೂ ಪೊಳ್ಳಾಗಿ ಮಾಡಿರುತ್ತಾರೆ. ಪೊಳ್ಳನ್ನು ತುಂಬುವುದು ಇನ್ನೊಂದು ಪೊಳ್ಳು. ಕೆಲವು ತಜ್ಞರು ಮುಂದಿನ ಹಲ್ಲುಗಳ ಹಿಂದೆ ನಿಜವಾದ ಅಂಗುಳಿನಲ್ಲಿರುವ ಸುಕ್ಕುಗೆರೆಗಳನ್ನೂ ಅಕ್ರಿಲಿಕ್ಕಿನಲ್ಲಿ ಮೂಡಿಸುತ್ತಾರೆ. ನಾಲಿಗೆಗೆ ಆ ಗೆರೆಗಳು ಗೊತ್ತು. ಎಲ್ಲಿ ತಟ್ಟಿದರೆ ಯಾವ ಅಕ್ಷರವೆಂಬ ಗುರುತು ಅದಕ್ಕೆ ಅಲ್ಲಿ ಸಿಗುತ್ತದೆ. ನಾಲಿಗೆಯ ನೆನಪಿಗೆ ಇಷ್ಟು ಗೌರವ ತೋರುವ ಕೆಲಸಗಾರಿಕೆಯನ್ನು ಕಂಡಾಗ, ವೈದ್ಯವೂ ಒಂದು ಬಗೆಯ ಮರ್ಯಾದೆಯೇ ಎನ್ನಿಸುತ್ತದೆ.

ಆದರೆ ಈ ಹಲಗೆಗೂ ಆಯುಸ್ಸಿದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಒಂದು ತಾತ್ಕಾಲಿಕ ಪ್ಲೇಟು ಕೂರುತ್ತದೆ, ಗಾಯ ಮಾಯುತ್ತಿರುವಾಗ ಇನ್ನೊಂದು ಬರುತ್ತದೆ, ಕೆಲವು ತಿಂಗಳು ಕಳೆದು ಮಾಂಸ ನೆಲೆಗೊಂಡ ಮೇಲೆ ಕೊನೆಯದನ್ನು ಮಾಡುತ್ತಾರೆ. ಆ ಕೊನೆಯದೂ ಕೊನೆಯದಲ್ಲ. ಸುತ್ತಲಿನ ಮಾಂಸ ಕುಗ್ಗುತ್ತದೆ, ವಿಕಿರಣ ಚಿಕಿತ್ಸೆ ಜೊಲ್ಲನ್ನು ಬತ್ತಿಸಿ ದವಡೆಯನ್ನು ಬಿಗಿಗೊಳಿಸುತ್ತದೆ, ಆಸರೆಯಾಗಿದ್ದ ಹಲ್ಲೊಂದು ಬಿದ್ದುಹೋಗುತ್ತದೆ. ಪ್ಲೇಟು ಸಡಿಲವಾಗುತ್ತದೆ, ಒಳಗಿನ ಪದರವನ್ನು ಮತ್ತೆ ಕಟ್ಟಬೇಕಾಗುತ್ತದೆ, ವರ್ಷಗಳು ಕಳೆದರೆ ಹೊಸದನ್ನೇ ಮಾಡಬೇಕಾಗುತ್ತದೆ. ಅಳಿದ ಅಂಗಕ್ಕೆ ಬದಲಿಯಾಗಿ ಬಂದದ್ದೂ ಅಳಿಯುವ ವಸ್ತುವೇ. ರಾತ್ರಿ ಅದನ್ನು ತೆಗೆದು ತೊಳೆದು ನೀರಿನಲ್ಲಿಡುವಾಗ ಮಾತೂ ಅಷ್ಟು ಹೊತ್ತು ಅದರೊಂದಿಗೆ ಹೊರಗೆ ಹೋಗುತ್ತದೆ.

*

ಪ್ಲೇಟು ಎಷ್ಟು ಮಾತನ್ನು ಮರಳಿ ತಂದಿತು ಎಂಬುದನ್ನು ಅಳೆಯುವ ವಿದ್ಯೆಯೊಂದು ಈಗ ಬೆಳೆದಿದೆ. ಸದ್ದಿಲ್ಲದ ಕೋಣೆಯಲ್ಲಿ ರೋಗಿಯನ್ನು ಕೂರಿಸಿ ಪ್ಲೇಟು ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಅದೇ ಸ್ವರಗಳನ್ನು, ಅದೇ ಪದಗಳನ್ನು, ಅದೇ ವಾಕ್ಯಗಳನ್ನು ಹೇಳಿಸುತ್ತಾರೆ. ಮೂಗಿಗೂ ಮೇಲ್ದುಟಿಗೂ ನಡುವೆ ಒಂದು ಅಡ್ಡಹಲಗೆ, ಅದರ ಮೇಲೊಂದು ಕೆಳಗೊಂದು ಮೈಕು. ಮೂಗಿನಿಂದ ಬಂದ ಧ್ವನಿಶಕ್ತಿ ಒಟ್ಟು ಧ್ವನಿಯಲ್ಲಿ ನೂರಕ್ಕೆ ಎಷ್ಟು ಎಂಬುದನ್ನು ಯಂತ್ರ ಲೆಕ್ಕಹಾಕುತ್ತದೆ. ‘ಅಪ್ಪ ಕಟ್ಟಿದ ಬುಟ್ಟಿ’ ಎಂಬಂತಹ, ಅನುನಾಸಿಕವೇ ಇಲ್ಲದ ವಾಕ್ಯದಲ್ಲಿ ಆ ಅಂಕಿ ಕೆಳಗಿರಬೇಕು; ಬಾಯಿ ಮೂಗುಗಳ ನಡುವೆ ತೂತಿದ್ದರೆ ಮೇಲೇರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಧ್ವನಿಯ ಚಿತ್ರ ಮೂಡುತ್ತದೆ. ವಯಸ್ಕ ಗಂಡಸಿನ ‘ಆ’ಕಾರದಲ್ಲಿ ಮೊದಲ ಅನುರಣನದ ಪಟ್ಟಿ ಸುಮಾರು 700 ಹರ್ಟ್ಸ್‌ನಲ್ಲಿಯೂ ‘ಈ’ಕಾರದಲ್ಲಿ ಸುಮಾರು 300ರಲ್ಲಿಯೂ ಕಪ್ಪಾಗಿ ನಿಲ್ಲುತ್ತದೆ. ಎರಡನೆಯ ಪಟ್ಟಿಯಂತೂ ‘ಈ’ಕಾರದಲ್ಲಿ 2,000 ಹರ್ಟ್ಸ್ ದಾಟಿ ಮೇಲೇರುತ್ತದೆ. ಮೂಗಿನ ಗುಹೆ ಬಾಯಿಯೊಂದಿಗೆ ಸೇರಿಕೊಂಡಾಗ ಈ ಪಟ್ಟಿಗಳು ಮಸುಕಾಗುತ್ತವೆ, ಅಗಲವಾಗುತ್ತವೆ, ಇಲ್ಲದ ಕಡೆ ಹೊಸ ಅನುರಣನ ತಲೆಹಾಕುತ್ತದೆ. ಸ್ವರ ಸ್ವರಗಳ ನಡುವಿನ ಅಂತರ ಕುಗ್ಗುತ್ತದೆ. ಪ್ಲೇಟು ಚೆನ್ನಾಗಿ ಕೂತಾಗ ಮೂಗಿನ ಅಂಕಿ ಇಳಿಯುತ್ತದೆ, ಪಟ್ಟಿಗಳು ತಮ್ಮ ತಾವಿನತ್ತ ಮರಳುತ್ತವೆ, ಕೇಳುವವರಿಗೆ ಹೆಚ್ಚು ಪದಗಳು ತಿಳಿಯುತ್ತವೆ.

ಇದು ಮೈಸೂರಿಗೆ ಅಪರಿಚಿತವಾದ ವಿದ್ಯೆಯಲ್ಲ. 1966ರಲ್ಲಿ ಸ್ಥಾಪನೆಯಾದ, ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಸ್ವರವ್ಯಂಜನಗಳನ್ನು ಹೀಗೆ ಅಳೆಯುತ್ತಾ ತಲೆಮಾರುಗಳೇ ಕಳೆದಿವೆ. ಇಂಗ್ಲಿಷಿನ ಅಳತೆಗೋಲು ನಮ್ಮ ಟಕಾರ ಡಕಾರ ಳಕಾರಗಳಿಗೆ ಸಾಲದು. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಿಗೆ ತಗುಲಿಸುವ ಆ ಅಕ್ಷರಗಳಲ್ಲಿ ನಮ್ಮ ನುಡಿಯ ಚಹರೆಯೇ ಇದೆ. ಅಂಗುಳು ಕಳೆದುಕೊಂಡ ಕನ್ನಡಿಗನಿಗೆ ಎಷ್ಟು ಮರಳಿತು ಎಂಬುದನ್ನು ಹೇಳಬೇಕಾದರೆ ಕನ್ನಡದ ಪದಗಳಿಂದಲೇ ಅಳೆಯಬೇಕು.

ಈ ಅಳತೆಗಳನ್ನು ನಾನು ಗೌರವದಿಂದ ನೋಡುತ್ತೇನೆ. ‘ಪರವಾಗಿಲ್ಲ, ಚೆನ್ನಾಗಿ ಮಾತಾಡ್ತೀರಿ’ ಎಂಬ ಸಮಾಧಾನದ ಮಾತಿಗಿಂತ ಅಂಕಿ ಹೆಚ್ಚು ಪ್ರಾಮಾಣಿಕವಾದುದು. ಗುಬುಟನ್ನು ಎಲ್ಲಿ ಎತ್ತರಿಸಬೇಕು, ಎಲ್ಲಿ ತಗ್ಗಿಸಬೇಕು ಎಂಬುದನ್ನು ಅದು ಹೇಳಬಲ್ಲದು. ಆದರೆ ಅಂಕಿಯನ್ನು ಯಾವುದರೊಡನೆ ಹೋಲಿಸುವುದು? ಪ್ಲೇಟು ಇರುವಾಗಿನ ಮಾತನ್ನು ಇಲ್ಲದಾಗಿನ ಮಾತಿನೊಡನೆ ಹೋಲಿಸಬಹುದು. ಆರೋಗ್ಯವಂತರ ಸರಾಸರಿಯೊಡನೆ ಹೋಲಿಸಬಹುದು. ಆ ಮನುಷ್ಯನದೇ ಆಗಿದ್ದ ಮೊದಲಿನ ಮಾತಿನೊಡನೆ ಹೋಲಿಸಲು ಬಹಳ ಸಲ ಏನೂ ಇರುವುದಿಲ್ಲ. ಕ್ಯಾನ್ಸರ್ ಎಂದು ತಿಳಿದ ದಿನದಿಂದ ಶಸ್ತ್ರಚಿಕಿತ್ಸೆಯ ದಿನದವರೆಗೆ ಮನೆಯವರಿಗೆ ಹಣ, ರಕ್ತ, ಹಾಸಿಗೆ, ಧೈರ್ಯ ಇವುಗಳನ್ನು ಹೊಂದಿಸುವುದೇ ಆಗಿರುತ್ತದೆ. ನಾಳೆ ಇಲ್ಲವಾಗಲಿರುವ ಧ್ವನಿಯನ್ನು ಇಂದು ಮುದ್ರಿಸಿಕೊಳ್ಳೋಣವೆಂದು ಯಾರಿಗೆ ಹೊಳೆಯುತ್ತದೆ?

ನಾವು ಏನನ್ನು ಇಟ್ಟುಕೊಳ್ಳುತ್ತೇವೆ, ಏನನ್ನು ಹೋಗಗೊಡುತ್ತೇವೆ ಎಂಬುದನ್ನು ಇಲ್ಲಿ ನಿಂತು ಯೋಚಿಸಬೇಕು. ಮನೆಮನೆಯಲ್ಲೂ ಮದುವೆಯ ಆಲ್ಬಮ್ ಇದೆ, ಗೋಡೆಯ ಮೇಲೆ ಹಿರಿಯರ ಚೌಕಟ್ಟು ಹಾಕಿದ ಚಿತ್ರವಿದೆ, ಬೀರುವಿನಲ್ಲಿ ಅಜ್ಜಿಯ ರೇಷ್ಮೆ ಸೀರೆಯಿದೆ. ಅಜ್ಜಿಯ ಧ್ವನಿ ಎಷ್ಟು ಮನೆಗಳಲ್ಲಿದೆ? ಮುಖ ಕಣ್ಣಿಗೆ ವಸ್ತುವಾಗಿ ಕಾಣುತ್ತದೆ, ಹಾಗಾಗಿ ಕಾದಿಡುತ್ತೇವೆ. ಧ್ವನಿ ಹುಟ್ಟಿದ ಚಣದಲ್ಲೇ ಸಾಯುತ್ತದೆ, ಮತ್ತೆ ಹುಟ್ಟುತ್ತದೆ. ದಿನವೂ ಹುಟ್ಟುತ್ತಿದ್ದುದರಿಂದಲೇ ಎಂದೂ ಹುಟ್ಟುತ್ತಿರುತ್ತದೆಂದು ನಂಬಿಬಿಡುತ್ತೇವೆ. ಯಥೇಚ್ಛವಾಗಿ ಸಿಗುವುದನ್ನು ಮನುಷ್ಯ ಕಾಪಿಡುವುದಿಲ್ಲ. ಅದು ಯಥೇಚ್ಛವಾಗಿ ಸಿಗುತ್ತಿದ್ದ ಕಾಲವೇ ಕಾಪಿಡುವ ಕಾಲವಾಗಿತ್ತೆಂದು ಆಮೇಲೆ ತಿಳಿಯುತ್ತದೆ. ಈಗ ಫೋನುಗಳಲ್ಲಿ ಯಾವಾಗಲೋ ಕಳಿಸಿದ ವಾಟ್ಸಾಪ್ ಧ್ವನಿಸಂದೇಶಗಳಿರುತ್ತವೆ. ಬಸ್ಸು ಹೊರಟಿತು, ಬರುವಾಗ ಹಾಲು ತಾ, ಮಗು ಉಂಡಿತೇ ಎಂಬಂತಹ ಮಾತುಗಳು. ಆಡಿದಾಗ ಬೆಲೆಯಿಲ್ಲದ ಆ ಮಾತುಗಳೇ ಒಬ್ಬನ ಇಡಿಯಾದ ಧ್ವನಿಗೆ ಉಳಿದ ಏಕೈಕ ಸಾಕ್ಷಿಯಾಗಬಹುದು.

*

ಧ್ವನಿ ಅಳಿಯುವುದೋ ಉಳಿಯುವುದೋ ಎಂಬ ಪ್ರಶ್ನೆಯನ್ನು ನಮ್ಮ ಹಿಂದಿನವರು ಯಂತ್ರಗಳಿಲ್ಲದ ಕಾಲದಲ್ಲಿಯೇ ಆಳವಾಗಿ ವಿಚಾರಿಸಿದ್ದರು. ಮೀಮಾಂಸಕರು ಶಬ್ದ ನಿತ್ಯವೆಂದರು. ಅಕ್ಷರ ಎಂದೆಂದಿಗೂ ಇದೆ. ನಮ್ಮ ಉಸಿರೂ ಬಾಯಿಯೂ ಅದನ್ನು ಪ್ರಕಟಿಸುತ್ತವೆಯೇ ಹೊರತು ಹುಟ್ಟಿಸುವುದಿಲ್ಲ. ನೈಯಾಯಿಕರು ಒಪ್ಪಲಿಲ್ಲ. ಮಾಡಲ್ಪಟ್ಟದ್ದೆಲ್ಲ ಅಳಿಯುತ್ತದೆ, ಶಬ್ದವೂ ಮಾಡಲ್ಪಟ್ಟದ್ದು, ಆದ್ದರಿಂದ ಕುಂಬಾರ ಮಾಡಿದ ಮಡಕೆ ಒಡೆಯುವಂತೆ ಅದೂ ಅಳಿಯುತ್ತದೆ ಎಂದು ವಾದಿಸಿದರು. ನಮ್ಮ ಕೇಶಿರಾಜ 13ನೇ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ, ಜೀವದ ಇಚ್ಛೆಯೂ ಅನುಕೂಲವಾದ ವಾಯುವೂ ಕೂಡಿದಾಗ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದವೆಂಬ ದ್ರವ್ಯ ಹುಟ್ಟುತ್ತದೆಂದು ಹೇಳಿದ. ಜೈನನಾದ ಅವನಿಗೆ ಶಬ್ದ ಒಂದು ವಸ್ತುವೇ. ಆದರೆ ಅದರ ಹುಟ್ಟಿಗೆ ಅವನು ಮೊದಲು ಬೇಡುವುದು ಎರಡನ್ನು, ಹೇಳಬೇಕೆಂಬ ಇಚ್ಛೆ ಮತ್ತು ಹೊರಡಲು ಗಾಳಿ.

ಮೇಲ್ದವಡೆ ಕಳೆದುಕೊಂಡವನ ಬಾಯಿಯನ್ನು ಮುಂದಿಟ್ಟುಕೊಂಡು ಈ ಮೂರು ಮಾತುಗಳನ್ನೂ ಓದಿದರೆ ಪ್ರತಿಯೊಂದರಲ್ಲೂ ಸತ್ಯದ ಒಂದೊಂದು ಪಾಲು ಕಾಣುತ್ತದೆ. ಆ ಮನುಷ್ಯನ ಮನಸ್ಸಿನಲ್ಲಿ ಪಕಾರ ಅಳಿದಿಲ್ಲ. ಅವನು ಓದುತ್ತಾನೆ, ಬರೆಯುತ್ತಾನೆ, ಕನಸಿನಲ್ಲಿ ಸ್ಪಷ್ಟವಾಗಿ ಮಾತಾಡಲೂಬಹುದು. ಅಕ್ಷರ ನಿತ್ಯವಾಗಿಯೇ ಉಳಿದಿದೆ, ಪ್ರಕಟಿಸುವ ಪಾತ್ರೆ ಒಡೆದಿದೆ ಎಂದು ಮೀಮಾಂಸಕ ಹೇಳಿಯಾನು. ನೈಯಾಯಿಕನಾದರೋ, ಮಗಳು ಕೇಳಬೇಕಾದ ‘ಬಾರಮ್ಮ’ ಎಂಬ ಕರೆ ಆ ಸಂಜೆ ಹುಟ್ಟಲೇ ಇಲ್ಲವಲ್ಲ, ಹುಟ್ಟದ ಶಬ್ದ ನಿತ್ಯವಾಗಿದ್ದು ಯಾರಿಗೆ ಪ್ರಯೋಜನ ಎಂದು ಕೇಳಿಯಾನು. ನನ್ನ ಮನಸ್ಸು ನೈಯಾಯಿಕನ ಕಡೆ ವಾಲುತ್ತದೆ. ಮಾತು ಪ್ರತಿ ಸಲವೂ ಮಾಡಬೇಕಾದದ್ದು, ಮಾಡಿದ್ದರಿಂದಲೇ ಅಳಿಯುವಂಥದು. ಹಾಗಿದ್ದರೂ ಕೇಶಿರಾಜ ಮುಂದಿಟ್ಟ ಆ ಇಚ್ಛೆಯನ್ನು ಮರೆಯಲಾರೆ. ಸ್ಥಾನ ಹೋದ ಮೇಲೂ ಅದು ಹಾಗೆಯೇ ಇರುತ್ತದೆ. ಅಕ್ರಿಲಿಕ್ಕಿನ ಹಲಗೆ ಸಿಕ್ಕ ಮರುಗಳಿಗೆಯೇ ನಾಲಿಗೆಯನ್ನು ಮತ್ತೆ ಮೇಲಕ್ಕೆತ್ತುತ್ತದೆ.

*

ಫ್ರಾಯ್ಡರ ಬದುಕಿನಲ್ಲಿ ಈ ವಿಚಾರಕ್ಕೆ ತಗುಲಿದ ಇನ್ನೆರಡು ಬರಹಗಳಿವೆ. 1915ರ ನವೆಂಬರಿನಲ್ಲಿ, ಮಹಾಯುದ್ಧದ ನಡುವೆ, ಬರ್ಲಿನ್ನಿನ ಗಯಟೆ ಸಂಘದ ಸಂಪುಟವೊಂದಕ್ಕಾಗಿ ಅವರು ಅನಿತ್ಯತೆಯ ಮೇಲೆ ಪುಟ್ಟ ಪ್ರಬಂಧವೊಂದನ್ನು ಬರೆದರು. ಬೇಸಿಗೆಯ ನಡಿಗೆಯೊಂದರಲ್ಲಿ ಜೊತೆಗಿದ್ದ ತರುಣ ಕವಿಗೆ ಸುತ್ತಲಿನ ಚೆಲುವಿನಿಂದ ಸಂತೋಷವಾಗಲಿಲ್ಲ. ಚಳಿಗಾಲ ಬಂದರೆ ಇದೆಲ್ಲ ಇಲ್ಲವಾಗುತ್ತದೆ ಎಂಬ ಚಿಂತೆ. ಫ್ರಾಯ್ಡರ ವಾದ ಅದಕ್ಕೆ ಎದುರು. ಅಳಿಯುತ್ತದೆ ಎಂಬುದರಿಂದ ಚೆಲುವಿನ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಕಾಲದಲ್ಲಿ ವಿರಳವಾಗಿರುವುದೇ ಅದರ ಬೆಲೆ. ಶೋಕ ಎಷ್ಟೇ ತೀವ್ರವಾಗಿದ್ದರೂ ತಾನಾಗಿ ಮುಗಿಯುತ್ತದೆ, ಕಳೆದದ್ದನ್ನೆಲ್ಲ ತ್ಯಜಿಸಿದ ಮನಸ್ಸು ಹೊಸದನ್ನು ಒಲಿಯಬಲ್ಲದು, ಯುದ್ಧ ಕೆಡವಿದ್ದನ್ನು ಮತ್ತೆ ಕಟ್ಟಬಹುದು ಎಂದು ಅವರು ಆಗ ನಂಬಿದ್ದರು.

ಬದುಕು ಆ ನಂಬಿಕೆಯನ್ನು ಒರೆಗೆ ಹಚ್ಚಿತು. 1920ರ ಜನವರಿಯಲ್ಲಿ ಮಗಳು ಸೋಫಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದಳು. 1923ರ ಜೂನಿನಲ್ಲಿ ಅವಳ ಕಿರಿಯ ಮಗ, ನಾಲ್ಕೂವರೆ ವರ್ಷದ ಹೈನ್ಸ್, ಕ್ಷಯದಿಂದ ತೀರಿಕೊಂಡ. ಅದೇ ವರ್ಷ ಅಕ್ಟೋಬರಿನಲ್ಲಿ ದವಡೆ ಹೋಯಿತು. 1929ರ ಏಪ್ರಿಲಿನಲ್ಲಿ, ಮಗನನ್ನು ಕಳೆದುಕೊಂಡಿದ್ದ ಸ್ವಿಸ್ ಮನೋವೈದ್ಯ ಲುಡ್ವಿಗ್ ಬಿನ್ಸ್‌ವಾಂಗರ್ ಅವರಿಗೆ ಫ್ರಾಯ್ಡ್ ಪತ್ರ ಬರೆದರು. ಸೋಫಿ ಬದುಕಿದ್ದರೆ ಆ ದಿನಕ್ಕೆ ಅವಳಿಗೆ 36 ತುಂಬುತ್ತಿತ್ತು. ಆ ಪತ್ರದ ತಿರುಳು ಪ್ರಬಂಧದ ಮಾತಿಗಿಂತ ಬೇರೆ. ಶೋಕದ ತೀವ್ರತೆ ತಣಿಯುತ್ತದೆ ನಿಜ, ಆದರೆ ಹೋದವರಿಗೆ ಬದಲಿ ಸಿಗುವುದಿಲ್ಲ. ಆ ತೆರಪನ್ನು ಏನೇ ತುಂಬಿದರೂ, ಪೂರಾ ತುಂಬಿದರೂ, ತುಂಬಿದ್ದು ಬೇರೆಯದಾಗಿಯೇ ಇರುತ್ತದೆ. ಹಾಗಿರುವುದೇ ಸರಿ, ಬಿಟ್ಟುಕೊಡಲಾರದ ಪ್ರೀತಿ ಮುಂದುವರಿಯಲು ಇರುವ ದಾರಿ ಅದೊಂದೇ.

ಬಾಯಿಯ ತೆರಪನ್ನು ಕೃತಕ ಅಂಗುಳಿನಿಂದ ತುಂಬಿಕೊಂಡು ಆರನೆಯ ವರ್ಷ ನಡೆಯುತ್ತಿದ್ದಾಗ ಬರೆದ ಪತ್ರ ಇದು. ಅವರು ಬರೆದದ್ದು ಮಗಳ ವಿಚಾರ, ದವಡೆಯದಲ್ಲ. ಆದರೂ ಪ್ರಯೋಗಾಲಯದ ಅಂಕಿಗಳು ಇಂದು ಹೇಳುತ್ತಿರುವುದು ಅದನ್ನೇ ಅಲ್ಲವೇ? ಪ್ಲೇಟು ತೆರಪನ್ನು ತುಂಬುತ್ತದೆ, ಮೂಗಿನ ಅಂಕಿ ಇಳಿಯುತ್ತದೆ, ಮಾತು ಮರಳುತ್ತದೆ. ಮರಳಿದ್ದು ಮೊದಲಿನದಲ್ಲ. ಪರದೆಯ ಮೇಲೆ ಪಟ್ಟಿಗಳು ಹತ್ತಿರ ಬರುತ್ತವೆ, ಎಷ್ಟೋ ಸಲ ಕೂಡುವುದಿಲ್ಲ. ಕೂಡದೆ ಉಳಿದ ಆ ಅಂತರವನ್ನು ವೈದ್ಯವಿಜ್ಞಾನ ಕೊರತೆಯೆಂದು ಎಣಿಸುತ್ತದೆ, ಎಣಿಸಲೇಬೇಕು; ಅದನ್ನು ಇನ್ನೂ ಕಡಿಮೆ ಮಾಡುವುದೇ ಅದರ ಧರ್ಮ. ಬಾಳುವವನಿಗೆ ಆ ಅಂತರದಲ್ಲಿ ಇನ್ನೊಂದು ಅರ್ಥವೂ ಇದೆ. ತನಗೊಂದು ಇಡಿಯಾದ ಧ್ವನಿ ಇತ್ತು, ಅದು ಬೆಲೆಯುಳ್ಳದ್ದಾಗಿತ್ತು, ಯಾವ ಬದಲಿಯೂ ಅದರ ಸಮಕ್ಕೆ ನಿಲ್ಲದು ಎಂಬುದಕ್ಕೆ ಅದು ಸಾಕ್ಷಿ. ಕಳೆದದ್ದಕ್ಕೆ ಪೂರ್ತಿ ಸಮನಾದ ಬದಲಿ ಸಿಗುವಂತಿದ್ದರೆ ಕಳೆದುಕೊಳ್ಳುವುದಕ್ಕೇ ಅರ್ಥವಿರುತ್ತಿರಲಿಲ್ಲ.

ದವಡೆ ಹೋದ ಮೇಲೆ ಫ್ರಾಯ್ಡರ ಬಲಗಿವಿಯೂ ಕ್ರಮೇಣ ಮಂದವಾಯಿತು. ಪರರ ಮಾತನ್ನು ಕೇಳುವುದೇ ವೃತ್ತಿಯಾಗಿದ್ದವರಿಗೆ ಆಡುವುದೂ ಕಷ್ಟ, ಕೇಳುವುದೂ ಕಷ್ಟ. 1925ರ ಹೋಂಬುರ್ಗ್ ಸಮ್ಮೇಳನದಲ್ಲಿ ಅವರ ಪ್ರಬಂಧವನ್ನು ಮಗಳು ಆನಾ ಓದಿದಳು. 1930ರಲ್ಲಿ ಫ್ರಾಂಕ್‌ಫರ್ಟಿನ ಗಯಟೆ ಪ್ರಶಸ್ತಿ ಬಂದಾಗಲೂ ಅಪ್ಪನ ಭಾಷಣವನ್ನು ಓದಿದವಳು ಅವಳೇ. ಸಭೆಯ ಮಾತು ಮಗಳ ಬಾಯಿಗೆ ದಾಟಿತು, ಆದರೆ ಕೋಣೆಯೊಳಗಿನ ಮಾತು ನಿಲ್ಲಲಿಲ್ಲ. ಬದುಕಿನ ಕೊನೆಯ ತಿಂಗಳುಗಳವರೆಗೂ ಅವರು ರೋಗಿಗಳನ್ನು ನೋಡಿದರು. ಅವರ ಎದುರು ಬಂದವರು ಆ ಒಡೆದ ಮಾತನ್ನು ಕಿವಿಗೊಟ್ಟು ಕೇಳಿ ಅರ್ಥಮಾಡಿಕೊಂಡರು. ಮಾತಿನ ಸ್ಪಷ್ಟತೆಯ ಅರ್ಧ ಭಾರ ಆಡುವವನ ಬಾಯಿಯಲ್ಲಿದ್ದರೆ ಇನ್ನರ್ಧ ಕೇಳುವವನ ತಾಳ್ಮೆಯಲ್ಲಿದೆ. ಪರಿಚಿತರಿಗೆ ತಿಳಿಯುವ ಮಾತು ಅಪರಿಚಿತರಿಗೆ ತಿಳಿಯದೆ ಹೋಗುವುದನ್ನು ವಾಕ್ ಚಿಕಿತ್ಸಕರೆಲ್ಲ ಬಲ್ಲರು. ಹೆಂಡತಿಗೆ ತಿಳಿಯುತ್ತದೆ, ಕಂಡಕ್ಟರಿಗೆ ತಿಳಿಯುವುದಿಲ್ಲ. ಬಾಯಿ ಅದೇ, ಪ್ಲೇಟು ಅದೇ, ಬದಲಾದದ್ದು ಕಿವಿ.

*

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲವೂ ಅನಿತ್ಯ ಎಂಬ ಅರಿವು ಮನಸ್ಸಿಗೆ ಸಮಾಧಾನ ತರುತ್ತದೆ, ಆದರೆ ಆ ಸಮಾಧಾನವನ್ನು ಎಲ್ಲ ನಷ್ಟಗಳಿಗೂ ಹೊದಿಸಬಾರದು. ಕಾಲ ಕಿತ್ತುಕೊಂಡದ್ದು ಬೇರೆ, ನಾವೇ ಕಳೆದುಕೊಂಡದ್ದು ಬೇರೆ. ಫ್ರಾಯ್ಡರ ಕೈಯಲ್ಲಿ ಸಿಗಾರು ಸದಾ ಇತ್ತು. ವೈದ್ಯರು ಬೇಡವೆಂದರೂ, ದವಡೆ ಹೋದ ಮೇಲೂ ಅವರು ಅದನ್ನು ಬಿಡಲಿಲ್ಲ. ನಮ್ಮ ನಾಡಿನಲ್ಲಿ ಬಾಯಿಯ ಕ್ಯಾನ್ಸರಿಗೆ ದೊಡ್ಡ ಕಾರಣ ಬಾಯೊಳಗೇ ಇಟ್ಟುಕೊಳ್ಳುವ ತಂಬಾಕು ಮತ್ತು ಅಡಿಕೆ. ಅಡಿಕೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ತನ್ನ ವರದಿಯಲ್ಲಿ ಸಾರಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳ ಅನ್ನ ಅದರಲ್ಲಿದೆ. ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯವೇ ಇಲ್ಲ. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಎದುರಿಸುವುದು ಕಷ್ಟ, ಎದುರಿಸದೆ ಇರುವುದು ಇನ್ನೂ ಕಷ್ಟ. ಕರ್ನಾಟಕ ಗುಟ್ಕಾವನ್ನು 2013ರಲ್ಲಿಯೇ ನಿಷೇಧಿಸಿತು. ಆದರೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು ಬಾಯಲ್ಲಿ ಕೂಡಿಕೊಳ್ಳುವುದನ್ನು ಗೂಡಂಗಡಿಯ ಮುಂದೆ ನಿಂತವರೆಲ್ಲ ಕಂಡಿದ್ದಾರೆ.

ಮೇಲ್ದವಡೆ ಹೋಗುವುದು ಕ್ಯಾನ್ಸರಿನಿಂದಷ್ಟೇ ಅಲ್ಲ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರವೆಂದು ಹೆಸರಾದ ಸೋಂಕು ಬಂದಾಗ, ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮಿತಿಮೀರಿದ ಸ್ಟೀರಾಯ್ಡ್ ಅದಕ್ಕೆ ದಾರಿ ಮಾಡಿಕೊಟ್ಟವು. ಜೀವ ಉಳಿಸಲು ಎಷ್ಟೋ ಜನರ ಮೇಲ್ದವಡೆಯನ್ನು ತೆಗೆಯಬೇಕಾಯಿತು. ಅವರಲ್ಲಿ ಅನೇಕರು ನಡುವಯಸ್ಸಿನವರು. ಪಾಠ ಹೇಳುವವರು, ವ್ಯಾಪಾರ ಮಾಡುವವರು, ಮಾತಿನಿಂದಲೇ ಬದುಕುವವರು. ಆ ಅಲೆಯ ಸಾವುಗಳನ್ನು ನಾವು ಎಣಿಸಿದೆವು, ಬದುಕಿ ಉಳಿದವರ ಮಾತನ್ನು ಎಣಿಸಲಿಲ್ಲ. ಅವರ ಪ್ಲೇಟುಗಳನ್ನು ಬದಲಿಸುವ ಕಾಲ ಈಗ ಬಂದಿದೆ, ಬರುತ್ತಲೇ ಇರುತ್ತದೆ.

ಧ್ವನಿ ಅನಿತ್ಯ. ಅದನ್ನು ಯಾವ ಯಂತ್ರವೂ ನಿತ್ಯವಾಗಿಸಲಾರದು. ಆದರೆ ಅನಿತ್ಯವಾದದ್ದರ ಬಗ್ಗೆ ನಮಗೆ ಮೂರು ಋಣಗಳಿವೆ. ಇರುವಾಗ ಕಾಯುವುದು, ಹೋಗುವ ಮುನ್ನ ಗುರುತಿಟ್ಟುಕೊಳ್ಳುವುದು, ಹೋದ ಮೇಲೆ ಉಳಿದದ್ದನ್ನು ಆದರಿಸುವುದು. ಬಾಯಲ್ಲಿ ಎರಡು ಮೂರು ವಾರಕ್ಕೂ ಮಾಯದ ಹುಣ್ಣಿದ್ದರೆ ನಾಳೆ ಎನ್ನದೆ ವೈದ್ಯರಿಗೆ ತೋರಿಸಿ. ಬಾಯಲ್ಲಿ ಪೊಟ್ಟಣದ ತಂಬಾಕಿದ್ದರೆ ಉಗಿದುಬಿಡಿ. ಮನೆಯಲ್ಲಿ ಯಾರಿಗಾದರೂ ಇಂಥ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಹಿಂದಿನ ದಿನ ಹತ್ತು ನಿಮಿಷ ಬಿಡುವು ಮಾಡಿಕೊಂಡು ಅವರ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಮುಂದೆ ವಾಕ್ ಚಿಕಿತ್ಸಕರಿಗೂ ಅದು ಬೇಕಾಗುತ್ತದೆ, ನಿಮಗೂ ಬೇಕಾಗುತ್ತದೆ. ಅಂಗಡಿಯಲ್ಲಿಯೋ ಬಸ್ಸಿನಲ್ಲಿಯೋ ಮೂಗಿನಲ್ಲಿ ಹೊರಟ, ಅಕ್ಷರ ಕೂಡದ ಮಾತೊಂದು ನಿಮ್ಮ ಕಿವಿಗೆ ಬಿದ್ದರೆ ಮುಖ ತಿರುಗಿಸಬೇಡಿ, ಅವರ ವಾಕ್ಯವನ್ನು ನೀವು ಮುಗಿಸಲೂ ಹೋಗಬೇಡಿ. ಅವರೇ ಮುಗಿಸುವವರೆಗೆ ಕೇಳಿ.